ಕ್ರುಶಿನ್ಯಾನಿಯ ಹಸಿರು ಮಸೀದಿ

ಪೋಲೆಂಡಿನ ಕ್ರುಶಿನ್ಯಾನಿ ಹಳ್ಳಿಯಲ್ಲಿ ಮರದ ಮಸೀದಿ ಹೇಗೆ ಬಂತು ಅಂತ ಕೇಳಿದ್ದೀರಿ. ಅದಕ್ಕೆ ಕಾರಣ ಬಾಕಿ ಉಳಿದ ಸಂಬಳ!

ಊರು ಇರುವುದು ಪೂರ್ವದ ಪೊಡ್ಲಾಸ್ಯೆ ಪ್ರಾಂತ್ಯದಲ್ಲಿ, ಬೆಲಾರೂಸ್ ಗಡಿಗೆ ತೀರಾ ಹತ್ತಿರ. ಸುತ್ತ ಕಾಡು, ಹೊಲ, ಮರದ ಮನೆಗಳು. ರಾಜ ಮೂರನೇ ಯಾನ್ ಸೊಬಿಯೆಸ್ಕಿಯ ಸೈನ್ಯದಲ್ಲಿ ತಾತಾರ್ ಎಂಬ ಮುಸ್ಲಿಂ ಜನಾಂಗದ ಕುದುರೆ ಸವಾರರಿದ್ದರು. ಅವರಿಗೆ ಕೊಡಲು ಖಜಾನೆಯಲ್ಲಿ ಹಣ ಇರಲಿಲ್ಲ. 1679ರಲ್ಲಿ ಅದರ ಬದಲು ಜಮೀನು ಕೊಟ್ಟ. ಹಾಗೆ ಅವರು ಇಲ್ಲೇ ನೆಲೆ ನಿಂತರು.

ಮಸೀದಿ 18ನೇ ಶತಮಾನದ್ದು. ಹಸಿರು ಬಣ್ಣ, ಮುಂದೆ ಎರಡು ಗೋಪುರ. ದೂರದಿಂದ ನೋಡಿದರೆ ಹಳ್ಳಿಯ ಚರ್ಚ್ ಅಂತಲೇ ಅನಿಸುತ್ತದೆ. ತುದಿಯ ಅರ್ಧಚಂದ್ರ ಕಂಡಾಗಲೇ ಗೊತ್ತಾಗೋದು. ನನಗೆ ತುಂಬ ಇಷ್ಟವಾದದ್ದು ಇದೇ: ಊರಿನ ಮರಗೆಲಸದ ರೀತಿಯಲ್ಲೇ ಕಟ್ಟಿದ್ದಾರೆ, ಪ್ರಾರ್ಥನೆ ಮಾತ್ರ ತಮ್ಮದು. ತಾತಾರ್ ಭಾಷೆ ಅವರ ಬಾಯಿಂದ ಎಂದೋ ಮರೆಯಾಯಿತು, ಧರ್ಮ ಉಳಿಯಿತು. ಅಡುಗೆಯೂ ಉಳಿಯಿತು, ಅಲ್ವಾ! ತೆಳುವಾದ ಹಿಟ್ಟಿನ ಪದರಗಳಲ್ಲಿ ಮಾಂಸವನ್ನೋ ಚೀಸನ್ನೋ ಸುತ್ತಿ ಬೇಯಿಸುವ ಪೆರೆಕಾಚೆವ್ನಿಕ್ ಇವತ್ತಿಗೂ ಮಾಡುತ್ತಾರೆ.

ಹೋದರೆ ಮಸೀದಿ ನೋಡಿ ಸುಮ್ನೆ ವಾಪಸ್ ಬರಬೇಡಿ. ಹತ್ತಿರದ ಮರಗಳ ನಡುವೆ ಹಳೆಯ ಸ್ಮಶಾನವಿದೆ. ಅಲ್ಲಿನ ಕಲ್ಲುಗಳ ಮೇಲೆ ಅರಬಿ, ಪೋಲಿಷ್, ರಷ್ಯನ್ ಅಕ್ಷರಗಳನ್ನು ನೋಡಬಹುದು.