ನಾನೂರರ ನಂಬರಿನ ಹುಡುಗ

ಮೂರನೇ ಸೆಮಿಸ್ಟರಿನ ಮೊದಲ ಇಂಟರ್ನಲ್ಸ್ (ಕಾಲೇಜಿನೊಳಗೇ ನಡೆಯುವ ಪರೀಕ್ಷೆ) ಮುಗಿಯುತ್ತಿದ್ದಂತೆ ಪ್ರತಿ ವರ್ಷ ನನ್ನ ಹತ್ತಿರ ಒಂದೇ ಥರದ ತೊಂದರೆ ಹೊತ್ತ ಮಕ್ಕಳು ಬರುತ್ತಾರೆ. ಡಿಪ್ಲೊಮಾ ಮುಗಿಸಿ, ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು, ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರವಾಗಿ ಸೇರಿದವರು. ಪಾಲಿಟೆಕ್ನಿಕ್‌ನಲ್ಲಿ ಒಳ್ಳೆ ಹೆಸರು ಮಾಡಿದವರೇ. ಇಲ್ಲಿಗೆ ಬಂದು ಎರಡು ತಿಂಗಳಾಗುವಷ್ಟರಲ್ಲಿ "ಮೇಡಂ, ಬಿಟ್ಟುಬಿಡ್ತೀನಿ" ಅನ್ನುತ್ತಾರೆ. ಅವರಲ್ಲಿ ಒಬ್ಬನ ವಿಷಯ ಬರೆಯುತ್ತಿದ್ದೇನೆ. ಅವನ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮೆಕ್ಯಾನಿಕಲ್ ಹುಡುಗ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ. ಅಪ್ಪನದು ಗಾರೆ ಕೆಲಸ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ತನ್ನ ಬ್ರಾಂಚಿಗೇ ಮೊದಲು ಬಂದಿದ್ದ. ಆಗ ವಿಟಿಯುದಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮ್, ಅಂದರೆ ಆ ವರ್ಷ ತಂದ ಪಠ್ಯಕ್ರಮ, ನಡೆಯುತ್ತಿತ್ತು. ಶೇಕಡ 85 ಹಾಜರಾತಿ ಬೇಕು, ಇವನದು ದಿನೇ ದಿನೇ ಇಳಿಯುತ್ತಿದೆ ಅಂತ ಅವನ ಮೆಂಟರ್ (ಅವನ ಓದಿನ ಕಡೆ ಗಮನ ಇಡುವ ಮೇಷ್ಟ್ರು) ಕಳಿಸಿಕೊಟ್ಟರು.

ಮೊದಲ ಭೇಟಿಯಲ್ಲಿ ಬಸ್ಸು ಸಿಗಲ್ಲ, ತಲೆನೋವು ಅಂದ. ಹೆಚ್ಚು ಕೆದಕಲಿಲ್ಲ. ಮುಂದಿನ ಸಲ ಬರುವಾಗ ಗಣಿತದ ನೋಟ್ಸ್ ತಂದುಬಿಡು ಅಂದೆ.

ತಂದ. ಅಷ್ಟು ಚೆಂದದ ನೋಟ್ಸ್ ನಾನು ನೋಡಿದ್ದು ಕಡಿಮೆ. ಒಂದು ದಿನದ ಪಾಠವೂ ಬಿಟ್ಟಿರಲಿಲ್ಲ. ಬಾರದ ದಿನದ್ದನ್ನು ಬೇರೆಯವರಿಂದ ಇಸಿದುಕೊಂಡು ಬರೆದಿದ್ದ. "ಎಲ್ಲಿ ತನಕ ಅರ್ಥವಾಗಿದೆ, ತೋರಿಸು" ಅಂದೆ. ಹಾಳೆ ಹಿಂದಕ್ಕೆ ತಿರುಗಿಸುತ್ತಾ ಹೋದ. ತಿರುಗಿಸುತ್ತಲೇ ಇದ್ದ. ಕೊನೆಗೆ ಒಂದು ಕಡೆ ನಿಂತು, ಬಗ್ಗಿದ 'ಡಿ' ಥರದ ಒಂದು ಗುರುತಿನ ಮೇಲೆ ಬೆರಳಿಟ್ಟ.

"ಇದು ಏನು ಅಂತಲೇ ಗೊತ್ತಿಲ್ಲ ಮೇಡಂ."

ನಾನು ಗಣಿತದವಳಲ್ಲ. ಆಮೇಲೆ ಕೇಳಿ ತಿಳಿದುಕೊಂಡೆ. ಅದು ಪಾರ್ಷಿಯಲ್ ಡಿಫರೆನ್ಸಿಯೇಷನ್ನಿನ ಗುರುತು. ಇಂಜಿನಿಯರಿಂಗಿನ ಮೊದಲ ವರ್ಷದಲ್ಲಿ ಕಲಿಸುತ್ತಾರೆ. ಲ್ಯಾಟರಲ್ ಎಂಟ್ರಿಯವರಿಗೆ, ಅಂದರೆ ಹೀಗೆ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ, ಆ ಮೊದಲ ವರ್ಷವೇ ಇಲ್ಲ. "ಫಸ್ಟ್ ಇಯರ್‌ನಲ್ಲಿ ನೋಡಿದ್ದೀರಲ್ಲ" ಅಂತ ಹೇಳಿ ಮೇಷ್ಟ್ರು ಮುಂದೆ ಹೋಗುತ್ತಾರೆ. ಇವನು ವಾರಗಟ್ಟಲೆ ಆ ಗುರುತನ್ನು ನೀಟಾಗಿ ಬರೆದುಕೊಂಡಿದ್ದ, ಅಷ್ಟೇ.

"ಯಾರನ್ನಾದ್ರೂ ಕೇಳಿದ್ಯಾ?"

"ಕೇಳಿದ್ರೆ ಡಿಪ್ಲೊಮಾದವನು ಅಂತ ಗೊತ್ತಾಗುತ್ತಲ್ಲ ಮೇಡಂ."

ಈ ಮಾತು ಕೇಳಿ ನನಗೆ ಸಂಕಟವಾಯಿತು. ಕ್ಲಾಸಿಗೆ ಯಾಕೆ ಬರುತ್ತಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇತ್ತು. ಬಂದರೆ ಎಂದಾದರೂ ಒಂದು ದಿನ ಎಬ್ಬಿಸಿ ಪ್ರಶ್ನೆ ಕೇಳುತ್ತಾರೆ, ಆಗ ಗೊತ್ತಾಗಿಬಿಡುತ್ತದೆ ಅನ್ನುವ ಭಯ.

ನಾನು ಕೇಳಿದೆ: "ನಿನ್ನ ಯುಎಸ್‌ಎನ್ ಎಷ್ಟಪ್ಪ?"

ಹೇಳಿದ. ಯುಎಸ್‌ಎನ್ ಅಂದರೆ ಯೂನಿವರ್ಸಿಟಿ ಕೊಡುವ ನಂಬರ್. ಅದರ ಕೊನೆಯ ಮೂರು ಅಂಕಿ ನಾನೂರರ ಮೇಲಿತ್ತು. ವಿಟಿಯುದಲ್ಲಿ ಲ್ಯಾಟರಲ್ ಎಂಟ್ರಿಯವರ ನಂಬರ್ ನಾನೂರರಿಂದ ಶುರು. ಸೇರಿದ ವರ್ಷದ ಅಂಕಿಯೂ ಉಳಿದವರಿಗಿಂತ ಒಂದು ಜಾಸ್ತಿ. ಹಾಜರಿ ಕೂಗುವಾಗ ಇವರೆಲ್ಲ ಒಟ್ಟಿಗೆ, ಕೊನೆಯಲ್ಲಿ.

"ಹಾಗಾದ್ರೆ ನೀನು ಡಿಪ್ಲೊಮಾದವನು ಅಂತ ಕ್ಲಾಸಿಗೆಲ್ಲ ಮೊದಲ ದಿನವೇ ಗೊತ್ತಾಗಿದೆ. ದಿನಾ ಹಾಜರಿ ಕೂಗುವಾಗ ಗೊತ್ತಾಗ್ತಾನೇ ಇದೆ. ಅದನ್ನ ನೀನು ಮುಚ್ಚಿಡೋಕೆ ಆಗಲ್ಲ. ಈ 'ಡಿ' ನಿನಗೆ ಗೊತ್ತಿಲ್ಲ ಅನ್ನೋದು ಮಾತ್ರ ಯಾರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲದೆ ಇದ್ರೆ ಹೇಳಿಕೊಡೋರು ಯಾರು?"

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಸರ್ ಬೈಯ್ಯಲ್ವಾ?" ಅಂದ. ಬೈದರೂ ಹೇಳಿಕೊಡುತ್ತಾರೆ ಅಂದೆ. ಆ ಮೇಷ್ಟ್ರು ನನಗೆ ಗೊತ್ತಿದ್ದವರು. ಹಾಗಾಗಿ ಧೈರ್ಯವಾಗಿ ಹೇಳಿದೆ.

ಮೊದಲನೆಯದಾಗಿ ಅವನಿಗೆ ಹೇಳಿದ್ದು: ನೋಟ್ಸಿನಲ್ಲಿ ಎಲ್ಲೆಲ್ಲಿ ನಿಂತುಹೋಗಿದ್ದೀಯೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕು. ಆ ಪುಸ್ತಕ ತೆಗೆದುಕೊಂಡು ಸ್ಟಾಫ್ ರೂಮಿಗೆ ಹೋಗು. "ಏನೂ ಅರ್ಥವಾಗ್ತಿಲ್ಲ" ಅಂತ ಹೇಳಬೇಡ. ಹಾಗೆ ಹೇಳಿದರೆ ಯಾವ ಮೇಷ್ಟ್ರಿಗೂ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುವುದಿಲ್ಲ. ಗುರುತು ಹಾಕಿದ ಜಾಗ ತೋರಿಸಿ, "ಇದಕ್ಕೆ ಫಸ್ಟ್ ಇಯರಿನ ಯಾವ ಪಾಠ ಓದಬೇಕು ಸರ್?" ಅಂತ ಕೇಳು.

ಇಡೀ ಮೊದಲ ವರ್ಷದ ಗಣಿತ ಓದುತ್ತೇನೆ ಅಂತ ಹೊರಡಬೇಡ ಅಂತಲೂ ಹೇಳಿದೆ. ಹುಷಾರು ಮಕ್ಕಳು ಹೀಗೇ ಹೊರಟು ಸೋಲುತ್ತಾರೆ. ಆ ಸ್ಕೀಮಿನಲ್ಲಿ ಇವರಿಗಾಗಿಯೇ ಹೆಚ್ಚುವರಿ ಗಣಿತದ ಪೇಪರ್ ಇತ್ತು. ಅದಕ್ಕೆ ಕ್ರೆಡಿಟ್ (ಡಿಗ್ರಿಯ ಲೆಕ್ಕಕ್ಕೆ ಸೇರುವ ಪಾಯಿಂಟ್) ಇಲ್ಲ, ಆದರೆ ಪಾಸಾಗಲೇಬೇಕು. ಕ್ರೆಡಿಟ್ ಇಲ್ಲ ಅಂತ ಬಹಳ ಮಕ್ಕಳು ಆ ಕ್ಲಾಸನ್ನೇ ಮೊದಲು ಬಿಡುತ್ತಾರೆ. ಇವನೂ ಬಿಟ್ಟಿದ್ದ. ಬಿಟ್ಟುಹೋದ ಪಾಠ ಸಿಗುವುದೇ ಅಲ್ಲಿ. ಬೇರೆ ಯಾವ ಕ್ಲಾಸಿಗೆ ತಪ್ಪಿಸಿಕೊಂಡರೂ ಇದಕ್ಕೆ ಬಾ ಅಂದೆ.

ಕಾಲೇಜು ಬಿಡುವ ಮಾತನ್ನು ಮೂರನೇ ಸೆಮಿಸ್ಟರಿನ ರಿಸಲ್ಟ್ ಬರುವ ತನಕ ಎತ್ತಬಾರದು ಅಂತಲೂ ಒಪ್ಪಿಸಿದೆ. ಡಿಪ್ಲೊಮಾ ಸರ್ಟಿಫಿಕೇಟ್ ಎಲ್ಲೂ ಓಡಿಹೋಗುವುದಿಲ್ಲ. ಕೆಲಸಕ್ಕೆ ಆಮೇಲೂ ಹೋಗಬಹುದು.

ನನ್ನ ಸಲಹೆಯನ್ನು ಒಬ್ಬ ಸಹೋದ್ಯೋಗಿ ಒಪ್ಪಲಿಲ್ಲ. "ನೀವು ಅವನಿಗೆ ಆತ್ಮವಿಶ್ವಾಸ ತುಂಬಬೇಕಿತ್ತು. ದಡ್ಡ ಅಂತ ಒಪ್ಪಿಕೋ ಅಂದ ಹಾಗಾಯ್ತು" ಅಂದರು. ನನಗೆ ಹಾಗನ್ನಿಸುವುದಿಲ್ಲ. ಕಲಿಸದೇ ಇದ್ದದ್ದು ಗೊತ್ತಿಲ್ಲದೆ ಇರುವುದು ದಡ್ಡತನವಲ್ಲ. "ನಿನ್ನ ಕೈಲಿ ಆಗುತ್ತೆ, ಕಷ್ಟಪಡು" ಅಂತ ಬೆನ್ನು ತಟ್ಟಿ ಕಳಿಸಿದ್ದರೆ ಅವನು ಇನ್ನಷ್ಟು ಚೆಂದದ ನೋಟ್ಸ್ ಬರೆಯುತ್ತಿದ್ದ. ಕಷ್ಟಪಡುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದಿರಲಿಲ್ಲ.

ಇನ್ನೊಂದು ಆಕ್ಷೇಪವೂ ಬಂತು. ಡಿಪ್ಲೊಮಾ ಹುಡುಗರ ಗುಂಪು ಬಿಟ್ಟು ಎಲ್ಲರ ಜೊತೆ ಬೆರೆಯಲು ಹೇಳಬೇಕಿತ್ತು ಅಂತ. ಬೆರೆಯಲಿ, ಒಳ್ಳೆಯದೇ. ಆದರೆ ಆ ಗುಂಪು ಬಿಡು ಅಂತ ನಾನು ಯಾರಿಗೂ ಹೇಳುವುದಿಲ್ಲ. ಒಂದು ವರ್ಷ ಮೊದಲು ಇದೇ ದಾರಿಯಲ್ಲಿ ಬಂದ ಸೀನಿಯರ್‌ಗೆ ಎಲ್ಲಿ ಎಡವುತ್ತಾರೆ ಅಂತ ನಮಗಿಂತ ಚೆನ್ನಾಗಿ ಗೊತ್ತು. ಅಂಥ ಒಬ್ಬ ಸೀನಿಯರನ್ನು ನಾನೇ ಇವನಿಗೆ ಪರಿಚಯ ಮಾಡಿಸಿದೆ.

ಬೆರೆಯದೆ ಇರುವುದಕ್ಕೆ ಮಕ್ಕಳನ್ನಷ್ಟೇ ದೂರಿ ಏನು ಪ್ರಯೋಜನ? ಲ್ಯಾಬ್ ಬ್ಯಾಚನ್ನು ಯುಎಸ್‌ಎನ್ ಪ್ರಕಾರ ಮಾಡಿದರೆ ನಾನೂರರ ನಂಬರಿನವರೆಲ್ಲ ಕೊನೆಯ ಬ್ಯಾಚಿಗೆ ಬೀಳುತ್ತಾರೆ. ಮೂರು ವರ್ಷ ಒಂದೇ ಟೇಬಲ್. ನಾವು ಬೇರೆ ಕೂರಿಸಿ, ಅವರು ಬೇರೆ ಕೂತರು ಅಂದರೆ ಹೇಗೆ? ವಿಭಾಗದ ಮುಖ್ಯಸ್ಥರ ಹತ್ತಿರ ಮಾತಾಡಿ ಆ ಸಲ ಮೆಷಿನ್ ಶಾಪಿನ ಬ್ಯಾಚುಗಳನ್ನು ಕಲಸಿದೆವು. ಪಿಯುಸಿಯಿಂದ ಬಂದ ಹುಡುಗರು ಲೇತ್ ಮುಂದೆ ಹೆದರಿ ನಿಂತಿದ್ದಾಗ, ಥ್ರೆಡ್ ಕಟಿಂಗ್ (ಲೋಹದ ಮೇಲೆ ಸ್ಕ್ರೂವಿನ ಸುರುಳಿ ಕೊರೆಯುವುದು) ಇವನೇ ಮಾಡಿ ತೋರಿಸಿದನಂತೆ. ಪಾಲಿಟೆಕ್ನಿಕ್‌ನಲ್ಲಿ ಅದು ಅವನ ಕೈಗೆ ಕೂತ ಕೆಲಸ. ಆಮೇಲೆ ಗಣಿತಕ್ಕೆ ಜೊತೆಗಾರ ಹುಡುಕುವುದು ಅವನಿಗೆ ಕಷ್ಟವಾಗಲಿಲ್ಲ.

ಆ ಸೆಮಿಸ್ಟರಿನಲ್ಲಿ ಗಣಿತದಲ್ಲಿ ಫೇಲಾದ. ಉಳಿದದ್ದೆಲ್ಲ ಪಾಸು. ಗಣಿತವನ್ನು ಮುಂದಿನ ಸಲ ಮುಗಿಸಿದ. ಬಿಡುವ ಮಾತು ಮತ್ತೆ ಬರಲಿಲ್ಲ.

ಈ ವರ್ಷ ಹೀಗೆ ಸೇರುವವರಿಗೆ, ಅವರ ಮನೆಯವರಿಗೆ ಒಂದಿಷ್ಟು ಹೇಳುವುದಿದೆ. ಮೊದಲ ವರ್ಷದವರಿಗೆ ಮೂರು ವಾರದ ಇಂಡಕ್ಷನ್ (ಕಾಲೇಜಿಗೆ ಹೊಂದಿಕೊಳ್ಳಲು ನಡೆಸುವ ಪರಿಚಯ ಕಾರ್ಯಕ್ರಮ) ಇರಬೇಕು ಅಂತ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇ ಹೇಳಿದೆ. ನೇರ ಎರಡನೇ ವರ್ಷಕ್ಕೆ ಬಂದವರನ್ನು ಹೀಗೆ ಕೂರಿಸಿ ಹೇಳುವವರು ಕಡಿಮೆ. ಎಷ್ಟೋ ಸಲ ಸೀಟು ಹಂಚಿಕೆ ಮುಗಿಯುವಾಗ ಕ್ಲಾಸು ಶುರುವಾಗಿರುತ್ತದೆ. ಹಾಗಾಗಿ ನೀವೇ ಕೇಳಿ. ಪಾಠದಾಚೆಯ ಚಟುವಟಿಕೆಗಳಿಂದ ಗಳಿಸಬೇಕಾದ ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ ಉಳಿದವರಿಗೆ 100, ನಿಮಗೆ 75. ಕೊನೆಯ ವರ್ಷದಲ್ಲಿ ಇದು ಗೊತ್ತಾಗಿ ಓಡಾಡಿದವರಿದ್ದಾರೆ. ನಿಮ್ಮ ಸ್ಕೀಮಿನಲ್ಲಿ ಡಿಪ್ಲೊಮಾದವರಿಗೆ ಬೇರೆ ಪೇಪರ್ ಇದೆಯಾ, ಸೇರುವ ಮೊದಲು ನಡೆದ ಪಾಠದ ನೋಟ್ಸ್ ಯಾರ ಹತ್ತಿರ ಸಿಗುತ್ತದೆ, ನಿಮ್ಮ ಮೆಂಟರ್ ಯಾರು, ಇಷ್ಟನ್ನು ಮೊದಲ ವಾರವೇ ತಿಳಿದುಕೊಳ್ಳಿ. ಅಪ್ಪ ಅಮ್ಮಂದಿರೇ, ಮೊದಲ ಇಂಟರ್ನಲ್ಸ್ ಮಾರ್ಕ್ಸ್ ಕಡಿಮೆ ಬಂದರೆ ಡಿಪ್ಲೊಮಾದ ಮಾರ್ಕ್ಸ್ ನೆನಪಿಸಿ ಬೈಯಬೇಡಿ. ಯಾವ ಪಾಠ ಗೊತ್ತಿಲ್ಲ, ಯಾರನ್ನು ಕೇಳಿದೆ ಅಂತ ವಿಚಾರಿಸಿ.