ಕರೆಂಟ್ ಹೋಗಿ ಬಂದ ಮೇಲೆ ವೇಬ್ರಿಡ್ಜ್ ಕಂಪ್ಯೂಟರ್‌ಗೆ ಡೇಟಾಬೇಸ್ ಸಿಗುತ್ತಿಲ್ಲ, ಏನು ಮಾಡಲಿ?

ನಿಮ್ಮದು ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿ ಮೆಕ್ಕೆಜೋಳದ ಮಂಡಿ. ಒಳಗೆ ಉಬುಂಟು 24.04 ಇರುವ ಕಂಪ್ಯೂಟರ್‌ನಲ್ಲಿ (ಸರ್ವರ್) ಪೋಸ್ಟ್‌ಗ್ರೆಸ್ 16 ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್, ಹೊರಗೆ ವೇಬ್ರಿಡ್ಜ್ ಹತ್ತಿರ ಇನ್ನೊಂದು ಕಂಪ್ಯೂಟರ್. ಕರೆಂಟ್ ಹೋಗಿ ಬಂದರೆ ಒಳಗಿನ ಬಿಲ್ಲಿಂಗ್ ಚೆನ್ನಾಗಿ ಓಡುತ್ತದೆ, ವೇಬ್ರಿಡ್ಜ್‌ನಲ್ಲಿ ಮಾತ್ರ ‘ಕನೆಕ್ಷನ್ ರಿಫ್ಯೂಸ್ಡ್’. ಕೈಯಿಂದ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಆಟೋ ಸ್ಟಾರ್ಟ್ ಹೇಗೆ ಮಾಡುವುದು, ಚಿತ್ರದುರ್ಗದ ಮನೆಯಿಂದ ಲೆಕ್ಕ ಹೇಗೆ ನೋಡುವುದು ಅಂತ ಕೇಳಿದ್ದೀರಿ.

ಸರ್, ಆಟೋ ಸ್ಟಾರ್ಟ್ ಆಗಲೇ ಆಗುತ್ತಿದೆ. ಇಲ್ಲದಿದ್ದರೆ ಒಳಗಿನ ಬಿಲ್ಲಿಂಗ್ ಕೂಡ ನಿಲ್ಲುತ್ತಿತ್ತು, ಅಲ್ವಾ? ನಾನು ಇಲ್ಲೇ ಅಂಗಡಿ, ಮಿಲ್‌ಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಈ ತೊಂದರೆ ನನಗೆ ಚೆನ್ನಾಗಿ ಗೊತ್ತು.

ನೀವು ಕಾನ್ಫಿಗ್ ಫೈಲ್‌ನ ‘ಲಿಸನ್_ಅಡ್ರೆಸಸ್’ ಸಾಲಿನಲ್ಲಿ (ಪೋಸ್ಟ್‌ಗ್ರೆಸ್ ಯಾವ ವಿಳಾಸಗಳಲ್ಲಿ ಕೇಳಿಸಿಕೊಳ್ಳಬೇಕು ಅನ್ನುವ ಸಾಲು) ಲೋಕಲ್‌ಹೋಸ್ಟ್, ಅಂದರೆ ಅದೇ ಕಂಪ್ಯೂಟರ್, ಜೊತೆಗೆ ಸರ್ವರ್‌ನ ಐಪಿ ವಿಳಾಸ 192.168.1.10 ಅಂತ ಬರೆದಿದ್ದೀರಿ. ತೊಂದರೆ ಅಲ್ಲೇ ಇದೆ. ಕರೆಂಟ್ ಬಂದ ಕೂಡಲೇ ರೂಟರ್ರೂ ಸರ್ವರ್ರೂ ಒಟ್ಟಿಗೆ ಏಳುತ್ತವೆ. ರೂಟರ್ ಇನ್ನೂ ಐಪಿ ಕೊಟ್ಟಿರುವುದಿಲ್ಲ, ಅಷ್ಟರಲ್ಲಿ ಪೋಸ್ಟ್‌ಗ್ರೆಸ್ ಶುರುವಾಗಿಬಿಡುತ್ತದೆ. ಆ ವಿಳಾಸ ಆಗ ಆ ಕಂಪ್ಯೂಟರ್‌ನಲ್ಲಿ ಇರುವುದೇ ಇಲ್ಲ. ಪೋಸ್ಟ್‌ಗ್ರೆಸ್ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದು, ಲೋಕಲ್‌ಹೋಸ್ಟ್ ಒಂದರಲ್ಲೇ ಕೂತುಬಿಡುತ್ತದೆ. ಆಮೇಲೆ ಐಪಿ ಬಂದರೂ ಅದು ಮತ್ತೆ ನೋಡುವುದಿಲ್ಲ. ಲಾಗ್ ತೆರೆದು ನೋಡಿ, ‘ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’ ಅನ್ನುವ ಸಾಲು ಸಿಕ್ಕರೆ ಇದೇ ಕಾರಣ.

ಪರಿಹಾರ ಸುಲಭ. ಆ ಸಾಲಿನಲ್ಲಿ ಲೋಕಲ್‌ಹೋಸ್ಟ್, ಐಪಿ ಎರಡನ್ನೂ ತೆಗೆದು ‘*’ ಒಂದನ್ನೇ ಹಾಕಿ, ಅಂದರೆ ಎಲ್ಲಾ ವಿಳಾಸಗಳೂ. ಆಗ ಯಾವ ವಿಳಾಸಕ್ಕೂ ಕಾಯುವ ಅಗತ್ಯ ಇರುವುದಿಲ್ಲ. ಈ ಸಾಲು ಬದಲಿಸಿದರೆ ರೀಲೋಡ್ ಸಾಲದು, ರೀಸ್ಟಾರ್ಟ್ ಬೇಕು. ಸರ್ವಿಸ್ ಫೈಲ್‌ನಲ್ಲಿ ‘ನೆಟ್‌ವರ್ಕ್-ಆನ್‌ಲೈನ್’ ಟಾರ್ಗೆಟ್‌ಗೆ, ಅಂದರೆ ನೆಟ್‌ವರ್ಕ್ ಸಿದ್ಧವಾಗುವ ತನಕ, ಕಾಯಿಸುವ ದಾರಿಯೂ ಇದೆ, ಆದರೆ ರೂಟರ್ ಕೆಟ್ಟ ದಿನ ಒಳಗಿನ ಬಿಲ್ಲಿಂಗೂ ಸುಮ್ನೆ ತಡವಾಗುತ್ತದೆ. ನನಗೆ ಅದು ಇಷ್ಟವಿಲ್ಲ. ರೂಟರ್‌ನಲ್ಲಿ ಸರ್ವರ್‌ಗೆ 192.168.1.10 ಅನ್ನು ಖಾಯಂ ಕಾದಿರಿಸಿ, ಇಲ್ಲದಿದ್ದರೆ ಒಂದು ದಿನ ಬೇರೆ ಐಪಿ ಬಂದು ತೊಂದರೆ ಕೊಡುತ್ತದೆ.

‘*’ ಹಾಕಿದ ಮೇಲೆ ಬಾಗಿಲು ಕಾಯುವ ಕೆಲಸ ‘ಪಿಜಿ_ಎಚ್‌ಬಿಎ’ ಫೈಲ್ (ಯಾರು ಎಲ್ಲಿಂದ ಒಳಗೆ ಬರಬಹುದು ಅನ್ನುವ ಪೋಸ್ಟ್‌ಗ್ರೆಸ್ ಪಟ್ಟಿ) ಮತ್ತು ಫೈರ್‌ವಾಲ್‌ನದು. ದಯವಿಟ್ಟು ಎಲ್ಲಿಂದಲೋ ನಕಲು ಮಾಡಿ ‘ಆಲ್ ಆಲ್ 0.0.0.0/0 ಟ್ರಸ್ಟ್’ ಹಾಕಬೇಡಿ. ‘0.0.0.0/0’ ಅಂದರೆ ಯಾವ ವಿಳಾಸದಿಂದಲಾದರೂ, ‘ಟ್ರಸ್ಟ್’ ಅಂದರೆ ಪಾಸ್‌ವರ್ಡ್ ಕೇಳುವುದೇ ಇಲ್ಲ. ರೈತರ ತೂಕ, ಹಣದ ಲೆಕ್ಕ ಅದರಲ್ಲಿದೆ. ‘ಹೋಸ್ಟ್’ ಸಾಲಿನಲ್ಲಿ ನಿಮ್ಮ ಡೇಟಾಬೇಸ್ ಹೆಸರು, ವೇಬ್ರಿಡ್ಜ್‌ಗೆ ಅಂತಲೇ ಮಾಡಿದ ಯೂಸರ್ ಹೆಸರು, 192.168.1.0/24 (ನಿಮ್ಮ ಮಂಡಿಯ ಒಳಗಿನ ನೆಟ್‌ವರ್ಕ್), ಕೊನೆಗೆ ‘ಸ್ಕ್ರಾಮ್-ಎಸ್‌ಎಚ್‌ಎ-256’ (ಸುರಕ್ಷಿತವಾಗಿ ಪಾಸ್‌ವರ್ಡ್ ಕೇಳುವ ವಿಧಾನ) ಬರೆಯಿರಿ. ಈ ಫೈಲ್‌ನಲ್ಲಿ ಮೇಲಿಂದ ಮೊದಲು ಹೊಂದುವ ಸಾಲೇ ನಡೆಯುತ್ತದೆ, ಹಾಗಾಗಿ ಹಳೆಯ ಸಡಿಲ ಸಾಲು ಮೇಲೆ ಉಳಿದರೆ ಹೊಸದಕ್ಕೆ ಬೆಲೆಯಿಲ್ಲ. ಇದಕ್ಕೆ ರೀಲೋಡ್ ಸಾಕು. ಫೈರ್‌ವಾಲ್‌ನಲ್ಲೂ ಪೋಸ್ಟ್‌ಗ್ರೆಸ್‌ನ 5432 ಪೋರ್ಟ್ ಅನ್ನು 192.168.1.0/24 ಗೆ ಮಾತ್ರ ಬಿಡಿ.

ಮುಂದೆ ಮತ್ತೆ ಕೈಕೊಟ್ಟರೆ ಎರರ್ ಸಾಲನ್ನು ಗಮನವಿಟ್ಟು ಓದಿ. ‘ರಿಫ್ಯೂಸ್ಡ್’ ಅಂದರೆ ಸಾಮಾನ್ಯವಾಗಿ ಕಂಪ್ಯೂಟರ್ ಸಿಕ್ಕಿದೆ, ಆ ಪೋರ್ಟ್‌ನಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ. ‘ಟೈಮ್ಡ್ ಔಟ್’ ಬಂದರೆ ಫೈರ್‌ವಾಲ್ ಅಥವಾ ಐಪಿ ನೋಡಿ. ‘ನೋ ಪಿಜಿ_ಎಚ್‌ಬಿಎ ಎಂಟ್ರಿ’ ಬಂದರೆ ಪೋಸ್ಟ್‌ಗ್ರೆಸ್ ತನಕ ತಲುಪಿದ್ದೀರಿ, ಅನುಮತಿ ಸಾಲು ಮಾತ್ರ ಇಲ್ಲ. ಇನ್ನೊಂದು ಮಾತು: ಉಬುಂಟುನಲ್ಲಿ ಸರ್ವಿಸ್ ಸ್ಟೇಟಸ್ ಕೇಳಿದರೆ ‘ಆಕ್ಟಿವ್ (ಎಕ್ಸಿಟೆಡ್)’ ಅನ್ನುತ್ತದೆ, ಗಾಬರಿ ಬೇಡ. ನಿಜ ಸ್ಥಿತಿ ‘ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್’ ಕಮಾಂಡ್ ತೋರಿಸುತ್ತದೆ.

ಕಂಪ್ಯೂಟರ್ ತಾನಾಗಿ ಆನ್ ಆಗದಿದ್ದರೆ ಬಯೋಸ್‌ನಲ್ಲಿ ಕರೆಂಟ್ ಬಂದ ಮೇಲೆ ಆನ್ ಆಗುವ ಆಯ್ಕೆ ಹಾಕಿ. ಎಲ್ಲಾ ಆದ ಮೇಲೆ ಒಂದು ಸಂಜೆ, ಲೋಡ್ ಇಲ್ಲದಾಗ, ಸರ್ವರ್ ಅನ್ನು ಸರಿಯಾಗಿ ಶಟ್‌ಡೌನ್ ಮಾಡಿ, ರೂಟರ್ ಸಮೇತ ಮೇನ್ ತೆಗೆದು ಹಾಕಿ ನೋಡಿ. ಸೀಸನ್‌ನಲ್ಲಿ ಟ್ರ್ಯಾಕ್ಟರ್ ಸಾಲು ನಿಂತಾಗ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ, ಬೆಳಗಿನಿಂದ ಕಾಯುವ ರೈತರಿಗೆ ನಮ್ಮಿಂದ ತಡ ಆಗಬಾರದು.

ಚಿತ್ರದುರ್ಗದಿಂದ ನೋಡುವುದಕ್ಕೆ ರೂಟರ್‌ನಲ್ಲಿ 5432 ಅನ್ನು ಹೊರಗೆ ತೆರೆಯಲೇಬೇಡಿ, ಅಂಥ ಪೋರ್ಟ್ ಹುಡುಕುವ ಬಾಟ್‌ಗಳು ಹಗಲೂ ರಾತ್ರಿ ತಿರುಗುತ್ತಿರುತ್ತವೆ. ಸರ್ವರ್‌ನಲ್ಲಿ ವೈರ್‌ಗಾರ್ಡ್ (ಇಂಟರ್ನೆಟ್ ಮೇಲೆ ಖಾಸಗಿ ದಾರಿ ಮಾಡಿಕೊಡುವ ವಿಪಿಎನ್ ಸಾಫ್ಟ್‌ವೇರ್) ಹಾಕಿ, ಮನೆಯ ಲ್ಯಾಪ್‌ಟಾಪ್ ಅದರ ಮೂಲಕ ಬರಲಿ. ವೈರ್‌ಗಾರ್ಡ್ ವಿಳಾಸಕ್ಕೂ ‘ಪಿಜಿ_ಎಚ್‌ಬಿಎ’ದಲ್ಲಿ ಒಂದು ಸಾಲು, ಫೈರ್‌ವಾಲ್‌ನಲ್ಲಿ ಒಂದು ಅನುಮತಿ ಬೇಕು. ಅದಕ್ಕೂ ಮೊದಲು ನಿಮ್ಮ ಬ್ರಾಡ್‌ಬ್ಯಾಂಡ್‌ನವರನ್ನು ಪಬ್ಲಿಕ್ ಐಪಿ, ಅಂದರೆ ಇಂಟರ್ನೆಟ್‌ನಿಂದ ನೇರ ತಲುಪಬಹುದಾದ ವಿಳಾಸ, ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಇಲ್ಲೇ ತಿಳಿಸಿ, ಆ ದಾರಿ ಬೇರೆ, ಅದನ್ನೂ ಬರೆಯುತ್ತೇನೆ.