ಥೀಮ್ ಪಾರ್ಕಿನ ಅಂಗಡಿಗೆ ಸಾದಾ ಬಿಳಿ ಗೋಡೆ, ದೊಡ್ಡ ಗಾಜು ಒಪ್ಪುತ್ತದೆಯೇ?

ಒಪ್ಪುತ್ತದೆ, ಆದರೆ ಸಾದಾ ಎಂದರೆ ಅಗ್ಗ ಎಂದುಕೊಳ್ಳಬೇಡಿ. ಫ್ಲಾರಿಡಾದ ಡಿಸ್ನಿ ಥೀಮ್ ಪಾರ್ಕ್ ಎಪ್ಕಾಟ್‌ನಲ್ಲಿ ಮೊದಲು ಗಿಯರ್, ಯಂತ್ರಗಳ ಅಲಂಕಾರ ತುಂಬಿದ್ದ ಮೌಸ್‌ಗಿಯರ್ ಅಂಗಡಿ ಇತ್ತು. ಅದರ ಬದಲಿಗೆ 2021ರ ಸೆಪ್ಟೆಂಬರ್‌ನಲ್ಲಿ ತೆರೆದ ಕ್ರಿಯೇಷನ್ಸ್ ಶಾಪ್‌ನಲ್ಲಿ ತಿಳಿ ಬಣ್ಣ, ಎತ್ತರದ ಗಾಜು, ಧಾರಾಳ ಹಗಲು ಬೆಳಕು. ಕಾರಣ ಸರಳ: ಟೀ ಶರ್ಟ್, ಗೊಂಬೆಗಳೇ ಬಣ್ಣ ಬಣ್ಣದವು, ಗೋಡೆ ಅವುಗಳ ಜೊತೆ ಪೈಪೋಟಿಗೆ ಇಳಿಯಬಾರದು.

ಕಷ್ಟ ಇರುವುದು ಕೆಲಸದ ನಾಜೂಕಿನಲ್ಲಿ. ಅಲಂಕಾರದ ಗೋಡೆಯಲ್ಲಿ 5 ಮಿ.ಮೀ. ಓರೆ ಯಾರಿಗೂ ಕಾಣದು, ಬಿಳಿ ಗೋಡೆಯಲ್ಲಿ ಅದೇ ಕಣ್ಣಿಗೆ ಕುಕ್ಕುತ್ತದೆ. ಮಕ್ಕಳ ತಳ್ಳುಗಾಡಿಗಳು ಗೋಡೆಯ ಬುಡಕ್ಕೆ ಉಜ್ಜುತ್ತಲೇ ಇರುತ್ತವೆ. ಹಾಗಾಗಿ ಕೆಳಗಿನ 30 ಸೆಂ.ಮೀ.ಗೆ ಬರೀ ಪೇಂಟ್ ಸಾಲದು, ಕಲ್ಲೋ ಸ್ಟೀಲೋ ಬೇಕು.

ಬಿಸಿಲಿಗೆ ಬಟ್ಟೆ ಮಂಕಾಗುತ್ತದೆ. ಲ್ಯಾಮಿನೇಟೆಡ್ ಗಾಜು (ನಡುವೆ ಪ್ಲಾಸ್ಟಿಕ್ ಪದರ ಇರುವ ಗಾಜು) ನೇರಳಾತೀತ ಕಿರಣಗಳನ್ನು ಬಹುಪಾಲು ತಡೆದರೂ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತೆಗೆಯುತ್ತದೆ. ಕಿಟಕಿ ಪಕ್ಕ ಪಿಂಗಾಣಿ ಕಪ್ ಇಡಿ, ಬಟ್ಟೆ ಒಳಗೆ ತೂಗುಹಾಕಿ. ಗಾಜು, ಗಟ್ಟಿ ನೆಲ ಎರಡೂ ಸೇರಿದರೆ ಗದ್ದಲ ಪ್ರತಿಧ್ವನಿಸುತ್ತದೆ, ಚಾವಣಿಗೆ ಸದ್ದು ಹೀರುವ ತೂತಿನ ಫಲಕ ಹಾಕಲೇಬೇಕು.

ನಕ್ಷೆ ಹಾಕುವವರು ಮರೆಯುವುದು ದಾಸ್ತಾನು ಕೋಣೆಯನ್ನು. ಸಾದಾ ನೋಟಕ್ಕಾಗಿ ಶೆಲ್ಫಿನಲ್ಲಿ ಕಡಿಮೆ ಸರಕು ಇಟ್ಟರೆ ಪದೇ ಪದೇ ತುಂಬಬೇಕು. ಕೋಣೆ ದೂರವಿದ್ದರೆ, ಪಟಾಕಿ ಪ್ರದರ್ಶನ ಮುಗಿಸಿ ಜನ ನುಗ್ಗುವ ಹೊತ್ತಿಗೆ ರಟ್ಟಿನ ಡಬ್ಬಗಳೆಲ್ಲ ನಡುದಾರಿಯಲ್ಲೇ ಬಿದ್ದಿರುತ್ತವೆ.